ಗುಂಪಿನ ರೆಸಿಪಿಗಳನ್ನು ಎಲ್ಲಿ ಇಡುವುದು? ವಾಟ್ಸಾಪ್, ಟೆಲಿಗ್ರಾಂ, ಗೂಗಲ್ ಶೀಟ್, ರೆಸಿಪಿ ಆ್ಯಪ್: ಒಂದು ಹೋಲಿಕೆ

"ಆವತ್ತು ಹಾಕಿದ್ರಲ್ಲ, ಆ ಪುಡಿಯ ಅಳತೆ ಇನ್ನೊಂದ್ಸಲ ಕಳಿಸ್ತೀರಾ?" ಅಡುಗೆ ಗುಂಪು ಯಾವುದೇ ಇರಲಿ, ವಾರಕ್ಕೊಮ್ಮೆಯಾದರೂ ಈ ಮಾತು ಬಂದೇ ಬರುತ್ತದೆ. ರೆಸಿಪಿ ಹಾಕುವವರಿಗೆ ಕೊರತೆಯಿಲ್ಲ. ಹಾಕಿದ್ದು ಆರು ತಿಂಗಳಾದ ಮೇಲೆ, ಒಲೆ ಮುಂದೆ ನಿಂತಾಗ ಸಿಗುವುದಿಲ್ಲ ಅನ್ನುವುದೇ ತೊಂದರೆ. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಒಂದೇ ರೆಸಿಪಿಯನ್ನು ಎಲ್ಲ ಕಡೆ ಹಾಕಿ ನೋಡಲಾಯಿತು.

ಪರೀಕ್ಷೆಗೆ ಆರಿಸಿದ್ದು ನಾಲ್ಕು ಜನರ ಬಿಸಿಬೇಳೆ ಬಾತ್: ಅಕ್ಕಿ 200 ಗ್ರಾಂ, ತೊಗರಿಬೇಳೆ 150 ಗ್ರಾಂ, ಹುಣಸೆಹಣ್ಣು 25 ಗ್ರಾಂ, ಪುಡಿ 30 ಗ್ರಾಂ, ನೀರು ಒಟ್ಟು ಒಂದೂವರೆ ಲೀಟರ್. ಇದನ್ನೇ ಆರಿಸಲು ಕಾರಣವಿದೆ. ಬಾತಿನೊಳಗೆ ಪುಡಿಯ ರೆಸಿಪಿ ಇನ್ನೊಂದಿದೆ. ನೀರಿನ ಅಳತೆಯನ್ನು ಯಾರಾದರೂ ತಿದ್ದಿಯೇ ತಿದ್ದುತ್ತಾರೆ. ಹೆಸರನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ: ಬಿಸಿಬೇಳೆ ಬಾತ್, ಬಿಸಿಬೇಳೆಭಾತ್, ಬಿಸಿ ಬೇಳೆ ಹುಳಿಯನ್ನ.

ವಾಟ್ಸಾಪ್

ಜನ ಇರುವುದು ಇಲ್ಲಿಯೇ, ಒಂದು ಗುಂಪಿಗೆ 1024 ಮಂದಿಯವರೆಗೆ. ಮಾತುಕತೆಗೆ ಇದಕ್ಕಿಂತ ಸಲೀಸಾದ ಜಾಗ ಬೇರೆ ಇಲ್ಲ. ಸಂಗ್ರಹಕ್ಕೆ ಮಾತ್ರ ಇದು ಒದಗುವುದಿಲ್ಲ. ಕಳಿಸಿದ ಸಂದೇಶವನ್ನು ತಿದ್ದಲು ಸಿಗುವುದು 15 ನಿಮಿಷ. ಪುಡಿಗೆ ಮೆಂತ್ಯ ಒಂದು ಚಮಚದ ಬದಲು ಒಂದು ಟೇಬಲ್ ಚಮಚ ಎಂದು ಬಿದ್ದಿದ್ದರೆ ಕಹಿಯಾಯಿತೆಂದು ಗೊತ್ತಾಗುವುದು ಮರುದಿನ. ಅಷ್ಟರಲ್ಲಿ ಆ ಸಂದೇಶ ನಾಲ್ಕು ಗುಂಪಿಗೆ ಫಾರ್ವರ್ಡ್ ಆಗಿರುತ್ತದೆ, ತಿದ್ದುಪಡಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಪಿನ್ ಮಾಡಬಹುದಾದದ್ದು ಮೂರೇ ಸಂದೇಶ, ಅದೂ ಗರಿಷ್ಠ 30 ದಿನ. ನಕ್ಷತ್ರ ಹಾಕಿಟ್ಟದ್ದು ಹಾಕಿದವರಿಗಷ್ಟೇ ಕಾಣುತ್ತದೆ.

ಹುಡುಕಾಟ ನಡೆಯುವುದು ಟೈಪ್ ಮಾಡಿದ ಅಕ್ಷರದಲ್ಲಿ ಮಾತ್ರ. ಅಜ್ಜಿಯ ನೋಟ್‌ಬುಕ್ಕಿನ ಫೋಟೊ, ವಾಯ್ಸ್ ನೋಟ್‌ನಲ್ಲಿ ಹೇಳಿದ ಹದ, ಇವು ಅದರ ಕಣ್ಣಿಗೆ ಬೀಳುವುದಿಲ್ಲ. ನಿಜವಾದ ಬೆಲೆಯ ವಿಷಯ ಹೆಚ್ಚಾಗಿ ಇರುವುದು ಅವುಗಳಲ್ಲೇ. ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ: ಫೋಟೊ ಅಥವಾ ಧ್ವನಿ ಹಾಕಿದವರು ಕೆಳಗೆ ಎರಡು ಸಾಲು ಟೈಪ್ ಮಾಡಬೇಕು, ಅಡುಗೆಯ ಹೆಸರು ಮತ್ತು ಮುಖ್ಯ ಸಾಮಗ್ರಿ.

ಟೆಲಿಗ್ರಾಂ

ಹಳೆಯದೆಲ್ಲ ಸರ್ವರ್‌ನಲ್ಲೇ ಉಳಿಯುತ್ತದೆ. ಅಡ್ಮಿನ್ ಅನುಮತಿ ಕೊಟ್ಟರೆ ಇವತ್ತು ಸೇರಿದವರಿಗೂ ಮೊದಲ ದಿನದ ರೆಸಿಪಿ ಕಾಣುತ್ತದೆ. ಗುಂಪಿನಲ್ಲಿ ಟಾಪಿಕ್ಸ್ ಚಾಲೂ ಮಾಡಿದರೆ ತಿಂಡಿ, ಸಾರು-ಹುಳಿ, ಪಲ್ಯ, ಪುಡಿ-ಉಪ್ಪಿನಕಾಯಿ, ಹಬ್ಬದಡುಗೆ ಎಂದು ಬೇರೆ ಬೇರೆ ಕೋಣೆ ಮಾಡಬಹುದು. ಐದಾರು ಸಾಕು. ಹದಿನೈದು ಮಾಡಿದರೆ ಗೊಜ್ಜು ಎಲ್ಲಿ ಹಾಕಬೇಕೆಂದು ಯಾರಿಗೂ ತಿಳಿಯದೆ ಎಲ್ಲವೂ 'ಇತರೆ'ಗೆ ಹೋಗಿ ಬೀಳುತ್ತದೆ.

ಎಡವುವುದು ಫೋಟೊ ಜೊತೆ ರೆಸಿಪಿ ಹಾಕುವಾಗ. ಸಾದಾ ಸಂದೇಶಕ್ಕೆ 4096 ಅಕ್ಷರ ಹಿಡಿಯುತ್ತದೆ, ಫೋಟೊ ಕೆಳಗಿನ ಬರಹಕ್ಕೆ 1024 ಮಾತ್ರ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ: 'ಅಕ್ಕಿ' ಎಂಬುದು ನಮಗೆ ಎರಡಕ್ಷರ, ಯಂತ್ರಕ್ಕೆ ಐದು. ಹೀಗಾಗಿ ಒಗ್ಗರಣೆಗೆ ಬರುವ ಹೊತ್ತಿಗೆ ಜಾಗ ಮುಗಿಯುತ್ತದೆ. ಮೊದಲು ಫೋಟೊ ಹಾಕಿ, ಅದಕ್ಕೆ ರಿಪ್ಲೈ ಆಗಿ ಪೂರ್ತಿ ರೆಸಿಪಿ ಹಾಕುವುದು ಸರಿಯಾದ ದಾರಿ. ಸಾಮಾನ್ಯ ಸದಸ್ಯರಿಗೆ ತಿದ್ದಲು 48 ಗಂಟೆ ಸಿಗುತ್ತದೆ. ದೋಸೆಹಿಟ್ಟು ಹುದುಗಿ, ಹುಯ್ದು, ತಪ್ಪು ಗೊತ್ತಾಗಲು ಅಷ್ಟು ಸಾಕು. ಉಪ್ಪಿನಕಾಯಿಗೆ ಸಾಲದು.

ಗೂಗಲ್ ಶೀಟ್

ಸಂಗ್ರಹಕ್ಕೆ ಇದೇ ಗೆದ್ದದ್ದು, ಅಂತರವೂ ದೊಡ್ಡದು. ರೆಸಿಪಿ ಇರುವುದು ಒಂದೇ ಕಡೆ, ಎಲ್ಲರ ಕೈಯಲ್ಲಿರುವುದು ಅದರ ಕೊಂಡಿ. ಒಬ್ಬರು ನೀರಿನ ಅಳತೆ ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. ಬಾತಿನ ಸಾಲಿನಿಂದ ಪುಡಿಯ ಸಾಲಿಗೆ ಕೊಂಡಿ ಕೊಡಬಹುದು.

ಕಾಲಂಗಳು ಹೀಗಿರಲಿ: ಅಡುಗೆಯ ಹೆಸರು, ಇತರ ಹೆಸರುಗಳು, ಬಗೆ, ಪ್ರದೇಶ, ಎಷ್ಟು ಜನಕ್ಕೆ, ಸಾಮಗ್ರಿ, ವಿಧಾನ, ಎಲ್ಲಿ ಕೆಡುತ್ತದೆ, ಕೊಟ್ಟವರು, ಮಾಡಿ ನೋಡಿದವರು. 'ಬಗೆ' ಮತ್ತು 'ಪ್ರದೇಶ'ಕ್ಕೆ ಡ್ರಾಪ್‌ಡೌನ್ (ಆರಿಸಿಕೊಳ್ಳುವ ಪಟ್ಟಿ) ಹಾಕಿ, ಇಲ್ಲವಾದರೆ ಪಲ್ಯ, ಪಲ್ಲೆ, ಪಲ್ಯಗಳು ಎಂದು ಮೂರು ಬಗೆ ಹುಟ್ಟಿಕೊಳ್ಳುತ್ತವೆ. ಸಾಮಗ್ರಿಗೆ ಒಂದೊಂದು ಸಾಲು ಕೊಡುವುದು ಲೆಕ್ಕಕ್ಕೆ ಚೆಂದ, ಫೋನಿನಲ್ಲಿ ಓದಲು ಆಗುವುದಿಲ್ಲ. ಒಂದು ರೆಸಿಪಿಗೆ ಒಂದೇ ಸಾಲು, ಸಾಮಗ್ರಿಯೆಲ್ಲ ಒಂದೇ ಕೋಶದಲ್ಲಿ ಕೆಳಕೆಳಗೆ: ಇದೇ ನಿಂತದ್ದು.

'ಇತರ ಹೆಸರುಗಳು' ಕಾಲಂ ಬಿಟ್ಟರೆ ಇಡೀ ಶ್ರಮ ಅರ್ಧ ವ್ಯರ್ಥ. ಬೆಂಗಳೂರಿನವರು ಸೌತೆಕಾಯಿ ಎಂದರೆ ಕೋಸಂಬರಿಗೆ ಹಾಕುವ ಎಳೆಕಾಯಿ. ಮಂಗಳೂರು ಕಡೆ ಅದು ಮುಳ್ಳುಸೌತೆ, ಅಲ್ಲಿ ಬರೀ ಸೌತೆ ಎಂದರೆ ಹುಳಿಗೆ ಹಾಕುವ ಬಣ್ಣದ ಸೌತೆ. ಕರಾವಳಿಯಲ್ಲಿ ಮೆಣಸು ಎಂದರೆ ಮೆಣಸಿನಕಾಯಿ, ಘಟ್ಟದ ಮೇಲೆ ಕಾಳುಮೆಣಸು. ಈ ಒಂದು ಪದ ತಪ್ಪಿ ತಿಳಿದರೆ ಸಾರೇ ಬೇರೆಯಾಗುತ್ತದೆ. ಒಂದಕ್ಕೇ ಹಲವು ಹೆಸರು ಇರುವುದೂ ಉಂಟು: ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ; ಕಡಲೆಕಾಯಿ, ಶೇಂಗಾ, ನೆಲಗಡಲೆ; ಹುರಿಗಡಲೆ, ಪುಟಾಣಿ; ಎಣ್ಣೆಗಾಯಿ, ಎಣಗಾಯಿ; ತಂಬುಳಿ, ತಂಬ್ಳಿ. ಯಾವುದನ್ನೂ ತಿದ್ದಿ ಒಂದು ಮಾಡಬೇಡಿ, ಕೊಟ್ಟವರ ಮನೆಯ ಮಾತು ಹಾಗೇ ಇರಲಿ. ಪಕ್ಕದ ಕಾಲಂನಲ್ಲಿ ಉಳಿದ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದ ಒಂದೆರಡು ಕಾಗುಣಿತವನ್ನೂ ಸೇರಿಸಿ. ವಿದೇಶದಲ್ಲಿರುವ ಹಲವರು ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲೇ.

ಅಳತೆಗೂ ಇಷ್ಟೇ ಕಟ್ಟುನಿಟ್ಟು ಬೇಕು. 'ನಿಂಬೆ ಗಾತ್ರದ ಹುಣಸೆ' ಎಂದರೆ ಒಬ್ಬರಿಗೆ 15 ಗ್ರಾಂ, ಇನ್ನೊಬ್ಬರಿಗೆ 30. ಅಕ್ಕಿ ಅಳೆಯುವ ಕಪ್ಪು ಸಾಮಾನ್ಯವಾಗಿ 240 ಮಿಲಿ, ಎಲೆಕ್ಟ್ರಿಕ್ ಕುಕ್ಕರ್ ಜೊತೆ ಬರುವುದು 180. ಟೇಬಲ್ ಚಮಚ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಮನೆಯ ಪಾವು ಮನೆಗೊಂದು. ಒಂದು ಚಮಚ ಕಲ್ಲುಪ್ಪು ತೂಕದಲ್ಲಿ ಒಂದು ಚಮಚ ಪುಡಿ ಉಪ್ಪಿಗಿಂತ ಕಡಿಮೆ. 'ಮೆಣಸಿನಕಾಯಿ 10' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ, ಬ್ಯಾಡಗಿಯದು ಬಣ್ಣ, ಗುಂಟೂರಿನದು ಖಾರ. 'ಮೂರು ಕೂಗು' ಕೂಡ ಕುಕ್ಕರಿನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. 'ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 10 ನಿಮಿಷ' ಎಂದರೆ ಎಲ್ಲರಿಗೂ ಹತ್ತಿರ ಹತ್ತಿರ ಒಂದೇ ಹದ. ಲೋಟ, ಪಾವು ಬರೆಯುವವರು ಬರೆಯಲಿ, ಪಕ್ಕದಲ್ಲಿ ಗ್ರಾಂ ಇರಲೇಬೇಕು.

ಶೀಟು ಕೆಡುವುದು ಎಲ್ಲಿ? ಕೋಶದಲ್ಲಿ ಬರೀ 1/2 ಎಂದು ಟೈಪ್ ಮಾಡಿದರೆ ಅದು ತಾರೀಖಾಗುತ್ತದೆ, 3-4 ಎಂದರೂ ಅಷ್ಟೇ. ಮೊದಲೇ ಆ ಕಾಲಂಗಳನ್ನು 'ಪ್ಲೇನ್ ಟೆಕ್ಸ್ಟ್'ಗೆ ಬದಲಿಸಿಡಿ. ಒಂದೇ ಕಾಲಂ ಆಯ್ದು ಸಾರ್ಟ್ ಮಾಡಿದರೆ ಹೆಸರು ಒಂದು ಕಡೆ, ಸಾಮಗ್ರಿ ಇನ್ನೊಂದು ಕಡೆ ಹೋಗುತ್ತದೆ: ಮೈಸೂರು ಪಾಕಿನ ಹೆಸರಿನ ಮುಂದೆ ಬಸ್ಸಾರಿನ ಸಾಮಾನು. ಹಾಗಾದರೆ ಗಾಬರಿ ಬೇಡ, ವರ್ಷನ್ ಹಿಸ್ಟರಿಯಿಂದ ಹಿಂದಿನ ರೂಪ ತರಬಹುದು. ಆದರೂ ತಿದ್ದುವ ಹಕ್ಕು ಮೂರ್ನಾಲ್ಕು ಜನಕ್ಕೆ ಸಾಕು, ಉಳಿದವರಿಗೆ ಕಾಮೆಂಟ್ ಮಾಡುವ ಹಕ್ಕು ಕೊಡಿ.

ಹೊಸ ರೆಸಿಪಿ ಬರುವುದು ಗೂಗಲ್ ಫಾರ್ಮ್ ಮೂಲಕ ಆಗಲಿ. ಎಂಟು ಪ್ರಶ್ನೆಗಿಂತ ಹೆಚ್ಚು ಬೇಡ, ಹಿರಿಯರು ಅರ್ಧಕ್ಕೇ ಬಿಡುತ್ತಾರೆ. ಫೋಟೊ ಅಪ್‌ಲೋಡ್ ಇಟ್ಟರೆ ಗೂಗಲ್ ಲಾಗಿನ್ ಕಡ್ಡಾಯವಾಗುತ್ತದೆ, ಅಲ್ಲಿಗೇ ಹಲವರು ನಿಲ್ಲುತ್ತಾರೆ. ಫೋಟೊ ವಾಟ್ಸಾಪ್‌ನಲ್ಲೇ ತರಿಸಿಕೊಳ್ಳಿ. ಇನ್ನೊಂದು ತಪ್ಪು ತುಂಬ ತಡವಾಗಿ ಗೊತ್ತಾಗುತ್ತದೆ: ಫಾರ್ಮ್‌ನಿಂದ ಬಂದ ಸಾಲುಗಳನ್ನು ಸೂತ್ರ ಹಾಕಿ ಬೇರೆ ಹಾಳೆಗೆ ತಂದು, ಅದರ ಪಕ್ಕ ಕೈಯಿಂದ ಟಿಪ್ಪಣಿ ಬರೆದರೆ, ಮೇಲೆ ಹೊಸ ಸಾಲು ನುಗ್ಗಿದಾಗ ಟಿಪ್ಪಣಿ ಅಲ್ಲೇ ಉಳಿದು ರೆಸಿಪಿ ಕೆಳಗೆ ಜಾರುತ್ತದೆ. ಪರಿಶೀಲಿಸಿದ ರೆಸಿಪಿಯನ್ನು ಕಾಪಿ ಮಾಡಿ, ಸೂತ್ರ ಬಿಟ್ಟು ಮೌಲ್ಯವಾಗಿ ಮಾತ್ರ ('ಪೇಸ್ಟ್ ಸ್ಪೆಷಲ್'ನಲ್ಲಿ 'ವ್ಯಾಲ್ಯೂಸ್ ಓನ್ಲಿ') ಮುಖ್ಯ ಹಾಳೆಗೆ ಅಂಟಿಸಿ.

ಕಡತದ ಒಡೆತನ ಒಬ್ಬರ ಖಾತೆಯಲ್ಲಿರುತ್ತದೆ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಮೂರು ತಿಂಗಳಿಗೊಮ್ಮೆ ಎಕ್ಸೆಲ್ ಪ್ರತಿ ಇಳಿಸಿ ಇನ್ನಿಬ್ಬರ ಬಳಿ ಇಡಿ. ಸಿಎಸ್‌ವಿ (ಬರೀ ಪಠ್ಯದ ಕಡತ) ಬೇಡ, ಅದನ್ನು ನೇರ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಗೀಚಾಗುವುದುಂಟು.

ಗೂಗಲ್ ಡಾಕ್ ಮತ್ತು ಪಿಡಿಎಫ್

ಓದಲು ಚೆಂದ, ಮುದ್ರಿಸಲು ಇನ್ನೂ ಚೆಂದ. ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಒತ್ತಕ್ಷರದ ಬಳಿ ಕೈಕೊಡುತ್ತದೆ. ಹಳೆಯ 'ನುಡಿ', 'ಬರಹ' ಫಾಂಟಿನ ಕಡತವಿದ್ದರೆ ಯೂನಿಕೋಡ್‌ಗೆ (ಈಗ ಎಲ್ಲ ಫೋನು, ಕಂಪ್ಯೂಟರ್ ಓದುವ ಅಕ್ಷರ ಸಂಕೇತ) ಪರಿವರ್ತಿಸದೆ ಅಂಟಿಸಬೇಡಿ.

ರೆಸಿಪಿ ಆ್ಯಪ್‌ಗಳು

ಪ್ಯಾಪ್ರಿಕಾ, ಮೀಲಿ, ಟ್ಯಾಂಡೂರ್. ಇವುಗಳ ದೊಡ್ಡ ಗುಣ, ಜನರ ಸಂಖ್ಯೆ ಬದಲಿಸಿದರೆ ಅಳತೆಯೆಲ್ಲ ತಾನೇ ಬದಲಾಗುವುದು. ಪ್ಯಾಪ್ರಿಕಾಗೆ ದುಡ್ಡು ಕೊಡಬೇಕು, ಸಂಗ್ರಹವನ್ನು ಹಂಚಿಕೊಳ್ಳಲು ಒಂದೇ ಖಾತೆ ಬಳಸಬೇಕು. ಒಂದು ಮನೆಗೆ ಸರಿ, ಗುಂಪಿಗಲ್ಲ. ಮೀಲಿ, ಟ್ಯಾಂಡೂರ್ ಉಚಿತ, ಆದರೆ ನಾವೇ ನಡೆಸುವುದಾದರೆ ಡಾಕರ್ (ಇಂಥ ಆ್ಯಪ್‌ಗಳನ್ನು ಓಡಿಸುವ ತಂತ್ರಾಂಶ) ಹಾಕಿದ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಟ್ಯಾಂಡೂರ್‌ನಲ್ಲಿ ಪುಡಿಯ ರೆಸಿಪಿಯನ್ನು ಬಾತಿನೊಳಗೆ ಸೇರಿಸಲು ಬರುತ್ತದೆ, ಇದು ನಿಜಕ್ಕೂ ಚೆನ್ನಾಗಿದೆ. ಸಾಮಗ್ರಿ ಸಾಲನ್ನು ಅಳತೆ, ಸಾಮಾನು ಎಂದು ಒಡೆಯುವ ಸೌಲಭ್ಯ ಮುಖ್ಯವಾಗಿ ಇಂಗ್ಲಿಷ್‌ಗೆಂದು ಮಾಡಿದ್ದು. '2 ಪಾವು ಅಕ್ಕಿ' ಅರ್ಥವಾಗಬೇಕಾದರೆ ಪಾವನ್ನು ಅಳತೆಯಾಗಿ ಕೈಯಿಂದ ಸೇರಿಸಬೇಕು.

ಆ ತಾನೇ ಆಗುವ ಗುಣಾಕಾರವನ್ನೂ ಕುರುಡಾಗಿ ನಂಬುವಂತಿಲ್ಲ. ನಾಲ್ಕು ಜನರ ಬಾತನ್ನು ನಲವತ್ತಕ್ಕೆ ಏರಿಸಿದರೆ ಆ್ಯಪ್ ನೀರು 15 ಲೀಟರ್ ಎನ್ನುತ್ತದೆ. ದೊಡ್ಡ ಪಾತ್ರೆಯಲ್ಲಿ ಅಡುಗೆಯ ಪ್ರಮಾಣಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆ, ನೀರು ಆವಿಯಾಗುವುದೂ ಕಡಿಮೆ, ಬಾತ್ ಗಂಜಿಯಾಗುತ್ತದೆ. 12 ಲೀಟರ್‌ನಿಂದ ಶುರುಮಾಡಿ, ಉಳಿದದ್ದು ಕುದಿನೀರಾಗಿ ಪಕ್ಕದಲ್ಲಿರಲಿ. ಉಪ್ಪು, ಖಾರ, ಇಂಗು ಏಳೆಂಟು ಪಟ್ಟು ಹಾಕಿ, ರುಚಿ ನೋಡಿ ಏರಿಸಿ. ಒಗ್ಗರಣೆ ಎಣ್ಣೆಯಂತೂ ಹತ್ತು ಪಟ್ಟು ಬೇಡವೇ ಬೇಡ.

ಶುರು ಮಾಡುವುದು ಹೇಗೆ

ಮಾತು ವಾಟ್ಸಾಪ್‌ನಲ್ಲೇ ಇರಲಿ, ರೆಸಿಪಿ ಶೀಟಿಗೆ ಹೋಗಲಿ, ಶೀಟಿನ ಕೊಂಡಿ ಗುಂಪಿನ ವಿವರಣೆಯಲ್ಲಿ ಕೂರಲಿ. ಪಿನ್‌ನಂತೆ ಅದಕ್ಕೆ ಗಡುವಿಲ್ಲ. ಹಳೆಯದನ್ನು ತೆಗೆಯಲು ಗುಂಪಿನ ಮೆನುವಿನಲ್ಲಿ 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಫೋಟೊ ಬಿಟ್ಟು ಬರೀ ಪಠ್ಯ ಆರಿಸಿ. ಗುಂಪಿನಲ್ಲಿ ಹೆಚ್ಚುವರಿ ಚಾಟ್ ಗೋಪ್ಯತೆ (ಅಡ್ವಾನ್ಸ್ಡ್ ಚಾಟ್ ಪ್ರೈವಸಿ) ಚಾಲೂ ಇದ್ದರೆ ಇದು ನಡೆಯುವುದಿಲ್ಲ, ಮೊದಲು ಅದನ್ನು ಆಫ್ ಮಾಡಬೇಕು. ಸಿಕ್ಕ ಕಡತದಲ್ಲಿ ಅಡುಗೆಯ ಹೆಸರು ಹುಡುಕುತ್ತ ಕೂರಬೇಡಿ. 'ಚಮಚ', 'ಲೋಟ', 'ಗ್ರಾಂ', 'ಒಗ್ಗರಣೆ' ಈ ನಾಲ್ಕು ಪದ ಹುಡುಕಿದರೆ ರೆಸಿಪಿಗಳಲ್ಲಿ ಬಹುಪಾಲು ಮೇಲೆ ಬರುತ್ತವೆ. ಶೀಟಿಗೆ ಸೇರಿಸುವ ಮೊದಲು ಕೊಟ್ಟವರನ್ನು ಒಂದು ಮಾತು ಕೇಳಿ, ಅಳತೆಯನ್ನೂ ಆಗಲೇ ಖಚಿತ ಮಾಡಿಕೊಳ್ಳಿ.