ಪುಣೆಯಲ್ಲಿ ಮನೆ ಬಿಯರ್: ಹಳೆ ಫ್ರಿಜ್ ಮತ್ತು ಎಸ್‌ಟಿಸಿ-1000, ಕೆಲವು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಬಿಯರ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಪಾತ್ರೆಯ ಬಗ್ಗೆ. ಎಷ್ಟು ಲೀಟರಿನದು, ನಲ್ಲಿ ಇರಬೇಕಾ, ಕರೆಂಟಿನ ಆಲ್-ಇನ್-ಒನ್ ತಗೊಳ್ಳೋಣವಾ ಅಂತ. ಪುಣೆಯಲ್ಲಿ ಇರುವವರಿಗೆ ನನ್ನ ಉತ್ತರ ಒಂದೇ. ಮೊದಲ ದುಡ್ಡು ತಂಪಿಗೆ ಹಾಕಿ, ಪಾತ್ರೆ ಆಮೇಲೆ. ತುಳಶಿಬಾಗ್‌ನಲ್ಲಿ ಸಿಗುವ ದಪ್ಪ ತಳದ ಸ್ಟೀಲ್ ಪಾತ್ರೆ, ಲಕ್ಷ್ಮಿ ರಸ್ತೆಯಲ್ಲಿ ಸಿಗುವ ತೆಳು ಪರದೆ ಬಟ್ಟೆಯಲ್ಲಿ ಹೊಲಿಸಿದ ಒಂದು ಚೀಲ, ಒಂದು ಥರ್ಮಾಮೀಟರ್ ಇದ್ದರೆ ವರ್ಟ್, ಅಂದರೆ ಯೀಸ್ಟ್ ಹಾಕುವ ಮೊದಲಿನ ಸಿಹಿ ಮಾಲ್ಟ್ ರಸ, ಚೆನ್ನಾಗಿಯೇ ಆಗುತ್ತದೆ. ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚೀಲದಲ್ಲಿ ಹಾಕಿ 65ರಿಂದ 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡುವುದು, ಚೀಲ ಎತ್ತಿ ಸೋರಲು ಬಿಡುವುದು, ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಹಾಕಿ ಒಂದು ಗಂಟೆ ಕುದಿಸುವುದು, ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಕೆಲಸ ಕೆಡುವುದು ಯೀಸ್ಟ್ ಹಾಕಿದ ಮೇಲೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ ಮದ್ಯ ತಯಾರಿಕೆ 1949ರ ಕಾಯ್ದೆಯ ಅಡಿ ಬರುತ್ತದೆ. ಶುರು ಮಾಡುವ ಮೊದಲು ಅಬಕಾರಿ ನಿಯಮ ಏನಿದೆ ಅಂತ ನೀವೇ ಓದಿಕೊಳ್ಳಿ. ಮಾರುವ ಯೋಚನೆಯಂತೂ ಬೇಡವೇ ಬೇಡ.

ನನ್ನ ಸೆಟಪ್ ಹೀಗಿದೆ. ಊರು ಬಿಟ್ಟು ಹೊರಟಿದ್ದ ನೆರೆಮನೆಯವರಿಂದ ತಗೊಂಡ ಸಿಂಗಲ್ ಡೋರ್ ಫ್ರಿಜ್, ಒಳಗಿನ ಶೆಲ್ಫ್ ಎಲ್ಲಾ ತೆಗೆದದ್ದು. ಅದಕ್ಕೆ ಎಸ್‌ಟಿಸಿ-1000 ಅನ್ನುವ ಟೆಂಪರೇಚರ್ ಕಂಟ್ರೋಲರ್. ಇದನ್ನು ಹಲವು ಕಂಪನಿಗಳು ಇದೇ ಹೆಸರಲ್ಲಿ ಮಾಡುತ್ತವೆ. ಒಳಗೆ ಫುಡ್-ಗ್ರೇಡ್ ಪ್ಲಾಸ್ಟಿಕ್ ಬಕೆಟ್, 20 ಲೀಟರ್ ಬಿಯರ್ ಹಿಡಿದು ಮೇಲೆ ನೊರೆಗೆ ಜಾಗ ಉಳಿಯುವಷ್ಟು ದೊಡ್ಡದು. ಹಳೆ ಫ್ರಿಜ್ ನೋಡಲು ಹೋಗುವಾಗ ಬಕೆಟ್ಟಿನ ಎತ್ತರ, ಅಗಲ ಅಳೆದುಕೊಂಡು ಟೇಪ್ ಹಿಡಿದೇ ಹೋಗಿ. ಹಿಂದೆ ಕಂಪ್ರೆಸರ್ ಇರುವ ಕಡೆ ಒಳಗಿನ ತಳ ಉಬ್ಬಿರುತ್ತದೆ, ಬಕೆಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಡಲು ಮುಚ್ಚಳಕ್ಕೆ ಸಿಕ್ಕಿಸುವ ಸಣ್ಣ ಕೊಳವೆ) ತಾಗುತ್ತದಾ ಅಂತಲೂ ನೋಡಬೇಕು.

ತಂಪಿನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಒಂದು ಏಪ್ರಿಲ್‌ನಲ್ಲಿ ಬೇಕಂತಲೇ ನೋಡಿದೆ. ಒಂದೇ ವರ್ಟನ್ನು ಎರಡು ಬಕೆಟ್‌ಗೆ ಹಂಚಿ, ಎರಡಕ್ಕೂ ಒಂದೇ ಯೀಸ್ಟ್, ಯುಎಸ್-05 ಹಾಕಿದೆ. ಒಂದನ್ನು ಫ್ರಿಜ್ಜಿನಲ್ಲಿ 18ಕ್ಕೆ ಇಟ್ಟೆ, ಇನ್ನೊಂದನ್ನು ಅಡುಗೆಮನೆಯ ಮೂಲೆಯಲ್ಲಿ ಬಿಟ್ಟೆ. ಹೊರಗಿನದು ಮರುದಿನವೇ ಜೋರಾಗಿ ಉಕ್ಕಿ ಬೇಗ ಸುಮ್ಮನಾಯಿತು. ಗ್ಲಾಸಿಗೆ ಹಾಕಿದರೆ ಬಣ್ಣ ಒಂದೇ, ನೊರೆ ಒಂದೇ. ಮೂಗಿನ ಹತ್ತಿರ ಹಿಡಿದ ತಕ್ಷಣ ಹೊರಗಿನದರಲ್ಲಿ ನೇಲ್ ಪಾಲಿಶ್ ರಿಮೂವರ್ ತರಹದ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಖಾರದಂತಹ ಉರಿ. ಫ್ರಿಜ್ಜಿನದರಲ್ಲಿ ಕ್ಯಾಸ್ಕೇಡ್ ಹಾಪ್ಸಿನ ಚಕ್ಕೋತದ ಪರಿಮಳ ನೇರವಾಗಿ ಬರುತ್ತಿತ್ತು, ಹಿಂದೆ ಬ್ರೆಡ್ಡಿನಂತಹ ಮಾಲ್ಟ್ ರುಚಿ, ಅಷ್ಟೇ. ಬಿಸಿಯಲ್ಲಿ ಯೀಸ್ಟ್ ಗಂಟಲು ಉರಿಸುವ ಫ್ಯೂಸೆಲ್ ಆಲ್ಕೋಹಾಲ್ ಮತ್ತು ಆ ವಾಸನೆ ಕೊಡುವ ಎಸ್ಟರ್ ಜಾಸ್ತಿ ಮಾಡುತ್ತದೆ, ಅದಕ್ಕೇ ಹೀಗೆ. ಇನ್ನೊಂದು ವಿಷಯ ಬಹಳ ಜನ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಯೀಸ್ಟ್ ಕೆಲಸ ಮಾಡುವಾಗ ತಾನೇ ಬಿಸಿ ಹೊರಹಾಕುತ್ತದೆ, ಬಕೆಟ್ ಒಳಗೆ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಇರುತ್ತದೆ. ಕೋಣೆ 30 ಇದ್ದರೆ ಯೀಸ್ಟಿಗೆ 33, 34. ಮೊದಲ ಎರಡು ಮೂರು ದಿನವೇ ಇದು ಮುಖ್ಯ, ಕೆಟ್ಟ ವಾಸನೆ ಹುಟ್ಟುವುದು ಹೆಚ್ಚಾಗಿ ಆಗಲೇ. ಆಮೇಲೆ ನಿಧಾನಕ್ಕೆ 20, 21ಕ್ಕೆ ಏರಿಸಿದರೆ ಒಳ್ಳೆಯದೇ, ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲನ್ನು ಯೀಸ್ಟೇ ತಿಂದು ಮುಗಿಸುತ್ತದೆ.

ಈಗ ಕಂಟ್ರೋಲರ್. ಎಸ್‌ಟಿಸಿ-1000ಕ್ಕೆ ಎರಡು ರಿಲೇ (ತಾನಾಗಿ ಹತ್ತಿ ಆರುವ ಸ್ವಿಚ್) ಇವೆ, ಒಂದು ತಂಪು ಮಾಡಲು, ಒಂದು ಬಿಸಿ ಮಾಡಲು, ಎರಡೂ 10 ಆಂಪ್. ಸಿಂಗಲ್ ಡೋರ್ ಫ್ರಿಜ್ಜಿಗೆ ಧಾರಾಳ ಸಾಕು. ಸೆಟ್ ಮಾಡುವುದು ನಾಲ್ಕೇ ವಿಷಯ. ಎಫ್1ರಲ್ಲಿ ಬೇಕಾದ ಡಿಗ್ರಿ. ಎಫ್2ರಲ್ಲಿ ಎಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ ಅನ್ನುವುದು, ನಾನು ಅರ್ಧ ಡಿಗ್ರಿ ಇಡುತ್ತೇನೆ. ಎಫ್3 ಕಂಪ್ರೆಸರ್ ಒಮ್ಮೆ ನಿಂತ ಮೇಲೆ ಮತ್ತೆ ಶುರುವಾಗಲು ಎಷ್ಟು ನಿಮಿಷ ಕಾಯಬೇಕು ಅಂತ. ಇದು 3ಕ್ಕೆ ಇರುತ್ತದೆ, ಹಳೆ ಫ್ರಿಜ್ ಆದರೆ 10ಕ್ಕೆ ಹಾಕಿ, ಕಂಪ್ರೆಸರ್ ಬಾಳಿಕೆ ಬರುತ್ತದೆ. ಎಫ್4 ಪ್ರೋಬ್, ಅಂದರೆ ವೈರಿನ ತುದಿಯಲ್ಲಿರುವ ಬಿಸಿ ಅಳೆಯುವ ಕಡ್ಡಿ, ತಪ್ಪು ತೋರಿಸಿದರೆ ಸರಿಮಾಡಲು. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿ ಪ್ರೋಬ್ ಅದ್ದಿ, ಸೊನ್ನೆ ತೋರಿಸಬೇಕು, ಇಲ್ಲದಿದ್ದರೆ ಅಷ್ಟು ಎಫ್4ರಲ್ಲಿ ಕಳೆಯಿರಿ ಅಥವಾ ಕೂಡಿಸಿ. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟನ್ನು ಪೂರ್ತಿ ತಂಪಿಗೆ ತಿರುಗಿಸಿ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಇಬ್ಬರು ಯಜಮಾನರಾಗುತ್ತಾರೆ.

ಇದು ಪ್ಲಗ್ ಹಾಕಿ ಬಳಸುವ ಸಾಮಾನಲ್ಲ, ವೈರಿಂಗ್ ಮಾಡಬೇಕು. ನಮ್ಮ ಕಲಬುರಗಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕೂರಿಸಿ, ಎರಡು ಸಾಕೆಟ್ ಹಾಕಿಕೊಟ್ಟರು. ಕೆಲಸ ಶುರು ಮಾಡುವ ಮೊದಲೇ ಅವರು ಹೇಳಿದ ಮಾತು: "ಸರ, ಅರ್ಥಿಂಗ್ ಇಲ್ದ ಇದನ್ನ ಹಚ್ಚಬ್ಯಾಡ್ರಿ, ಫ್ರಿಜ್ ಒಳಗ ಯಾವಾಗ್ಲೂ ಹಸಿ ಇರ್ತದ." ನೂರಕ್ಕೆ ನೂರು ಸರಿ. ಕರೆಂಟಿನ ಕೆಲಸ ಗೊತ್ತಿಲ್ಲದವರು ಸುಮ್ನೆ ಯೂಟ್ಯೂಬ್ ನೋಡಿ ಕೈ ಹಾಕಬೇಡಿ. ವೈರಿಂಗ್ ಬೇಡ ಅನ್ನುವವರಿಗೆ ಇಂಕ್‌ಬರ್ಡ್ ಐಟಿಸಿ-308 ತರಹದ್ದು ಇದೆ, ಸಾಕೆಟ್ ಅದರಲ್ಲೇ ಬರುತ್ತದೆ, ಬೆಲೆ ಜಾಸ್ತಿ.

ಪ್ರೋಬ್ ಎಲ್ಲಿಡಬೇಕು ಅನ್ನುವುದು ಕಂಟ್ರೋಲರ್ ಬ್ರ್ಯಾಂಡಿಗಿಂತ ದೊಡ್ಡ ವಿಷಯ. ಫ್ರಿಜ್ಜಿನ ಗಾಳಿಯಲ್ಲಿ ನೇತುಹಾಕಿದರೆ ಅದು ಗಾಳಿಯ ಬಿಸಿ ಅಳೆಯುತ್ತದೆ, ಬಿಯರಿನದಲ್ಲ. ಕಂಪ್ರೆಸರ್ ಪದೇ ಪದೇ ಹತ್ತಿ ಆರುತ್ತದೆ, ಒಳಗಿನ ಬಿಯರ್ ಬಿಸಿಯಾಗಿಯೇ ಉಳಿಯುತ್ತದೆ. ಬಕೆಟ್ಟಿನ ಹೊರಮೈಗೆ, ಬಿಯರಿನ ಮಟ್ಟಕ್ಕಿಂತ ಕೆಳಗೆ ಪ್ರೋಬ್ ಅಂಟಿಸಿ, ಅದರ ಮೇಲೆ ಅಂಗೈ ಅಗಲದ ಥರ್ಮೋಕೋಲ್ ತುಂಡು ಒತ್ತಿ ಗಟ್ಟಿಯಾಗಿ ಟೇಪ್ ಸುತ್ತಿ. ಒದ್ದೆಯಾದರೆ ಸಾಮಾನ್ಯ ಟೇಪ್ ಬಿಡುತ್ತದೆ, ಹಾಗಾಗಿ ನಾನು ಎಲಾಸ್ಟಿಕ್ ಬೆಲ್ಟ್ ಹಾಕುತ್ತೇನೆ.

ಕೆಟ್ಟದ್ದೂ ಹೇಳಬೇಕು. ನನಗೆ ಸಿಕ್ಕ ಪೀಸಿನ ಪ್ರೋಬ್ ಒಂದು ಮಳೆಗಾಲದ ನಂತರ ತಪ್ಪು ಅಂಕಿ ತೋರಿಸೋಕೆ ಶುರುಮಾಡಿತು, ತುದಿಯಲ್ಲಿ ನೀರು ಇಳಿದಿತ್ತು. ಅದು 10ಕೆ ಎನ್‌ಟಿಸಿ ಅನ್ನುವ ಜಾತಿಯ ಪ್ರೋಬ್, ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಬೇರೆ ಸಿಕ್ಕಿತು. ಹೊಸದರ ತುದಿಗೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿದ ಮೇಲೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಫ್ರಿಜ್ ಒಳಗೆ ಬೂಸ್ಟು ಬರುತ್ತದೆ, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಮೊದಲು. ಪ್ರತಿ ಬ್ಯಾಚ್ ಮುಗಿದ ಮೇಲೆ ವಿನೆಗರ್ ಹಾಕಿ ಒರೆಸಲೇಬೇಕು. ಮತ್ತೆ, ಒಂದು ಫ್ರಿಜ್ ಅಂದರೆ ಒಂದು ಬ್ಯಾಚ್. ಲಾಗರ್ ಅನ್ನುವ ತಂಪಿನಲ್ಲಿ ಹುದುಗುವ ಬಿಯರ್ ಮಾಡಿದರೆ 12 ಡಿಗ್ರಿಯಲ್ಲಿ ಹುದುಗಿಸಿ ಆಮೇಲೆ ವಾರಗಟ್ಟಲೆ ತಣ್ಣಗಿಡಬೇಕು, ಅಷ್ಟು ದಿನ ಬೇರೆ ಏನೂ ಮಾಡುವ ಹಾಗಿಲ್ಲ.

ಗುರುವಾರದ ಮಾತು ಪುಣೆಯವರಿಗೆ ಗೊತ್ತೇ ಇದೆ. ರಿಪೇರಿಗೆ ಅಂತ ಕರೆಂಟ್ ತೆಗೆಯುವುದು, ನೀರು ನಿಲ್ಲಿಸುವುದು ಹೆಚ್ಚಾಗಿ ಅವತ್ತೇ. ಕರೆಂಟಿಗೆ ಹೆದರಬೇಕಿಲ್ಲ, ಮುಚ್ಚಿದ ಫ್ರಿಜ್ಜಿನಲ್ಲಿ 20 ಲೀಟರ್ ಬಿಯರ್ ಕೆಲವು ಗಂಟೆಯಲ್ಲಿ ಬಿಸಿಯಾಗಿಬಿಡುವುದಿಲ್ಲ, ಸೆಟ್ ಮಾಡಿದ್ದೂ ಅಳಿಸಿಹೋಗುವುದಿಲ್ಲ. ಆದರೆ ಗುರುವಾರ, ಶುಕ್ರವಾರ ಬ್ರೂ ಮಾಡಬೇಡಿ, ಶುಕ್ರವಾರ ನೀರಿನ ಒತ್ತಡವೂ ಕಡಿಮೆ. ವರ್ಟ್ ತಣಿಸಲು ನೀರು ಬೇಕು, ಅಲ್ವಾ? ಮೇ ತಿಂಗಳಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ, ತಾಮ್ರದ ಚಿಲ್ಲರ್ (ವರ್ಟಿನಲ್ಲಿ ಮುಳುಗಿಸಿ ಒಳಗೆ ನೀರು ಹರಿಸುವ ಸುರುಳಿ ಕೊಳವೆ) ಎಷ್ಟು ಹೊತ್ತು ಓಡಿಸಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ಬಕೆಟ್ ಮುಚ್ಚಿ ಫ್ರಿಜ್ಜಿಗೆ ಹಾಕಿ, 18ಕ್ಕೆ ಬಂದ ಮೇಲೆ ಯೀಸ್ಟ್ ಹಾಕಿ. ಸ್ಯಾನಿಟೈಸ್ ಸರಿಯಾಗಿ ಮಾಡಿದ್ದರೆ ಒಂದು ರಾತ್ರಿ ಕಾದರೆ ಏನೂ ಆಗುವುದಿಲ್ಲ.

ಪದಾರ್ಥಗಳ ಬಗ್ಗೆ ಸ್ವಲ್ಪ. ಖಡಕ್‌ವಾಸ್ಲಾ ಅಣೆಕಟ್ಟಿನ ಕಡೆಯ ಕಾರ್ಪೊರೇಷನ್ ನೀರು ಮೃದು, ಬಿಯರಿಗೆ ಒಳ್ಳೆಯದು, ಕ್ಲೋರಿನ್ ಮಾತ್ರ ತೆಗೆಯಬೇಕು. ಇಲ್ಲದಿದ್ದರೆ ಆಸ್ಪತ್ರೆ ಬ್ಯಾಂಡೇಜ್ ತರಹದ ವಾಸನೆ ಬರುತ್ತದೆ. 30 ಲೀಟರಿಗೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಒಂದು ಸಣ್ಣ ಚಿಟಿಕೆ ಸಾಕು. ಟ್ಯಾಂಕರ್ ಅಥವಾ ಬೋರ್ ನೀರು ಬರುವ ಸೊಸೈಟಿಯವರು ಆರ್‌ಒ ನೀರು ಬೆರೆಸಿಕೊಳ್ಳಿ. ತಿಳಿ ಬಣ್ಣದ ಹಗುರ ಬಿಯರ್ ಬೇಕಿದ್ದರೆ ಗಟ್ಟಿ ಅವಲಕ್ಕಿಯನ್ನು ಮ್ಯಾಶಿಗೆ, ಅಂದರೆ ಮಾಲ್ಟ್ ನೆನೆಸುವ ಬಿಸಿ ನೀರಿಗೆ, ಹಾಕಿ. ಹೊರದೇಶದವರು ದುಡ್ಡು ಕೊಟ್ಟು ಕೊಳ್ಳುವ ಫ್ಲೇಕ್ಡ್ ರೈಸ್ ಅಂದರೆ ಇದೇ ಸಾಮಾನು. ಆಗಲೇ ಬೆಂದಿರುವುದರಿಂದ ಬೇರೆ ಬೇಯಿಸಬೇಕಿಲ್ಲ, ನಾಲ್ಕು ಭಾಗ ಮಾಲ್ಟಿಗೆ ಒಂದು ಭಾಗ ಚೆನ್ನಾಗಿ ಬರುತ್ತದೆ. ಮಾಲ್ಟನ್ನು ಪುಡಿಮಾಡಿಸಿ ಇಡಬೇಡಿ, ಮಳೆಗಾಲದಲ್ಲಿ ಮೆತ್ತಗಾಗಿ ಹುಳ ಬೀಳುತ್ತದೆ. ಇಡಿ ಕಾಳು ತಂದು ಬಿಗಿ ಡಬ್ಬಿಯಲ್ಲಿಟ್ಟು, ಬೇಕಾದಾಗ ದಪ್ಪ ರವೆಯಷ್ಟು ಒಡೆಸಿ. ಹಲ್ಲಿನಲ್ಲಿ ಕಡಿದರೆ ಕರುಂ ಅನ್ನಬೇಕು. ಹಾಪ್ಸ್ ಫ್ರೀಜರಿನಲ್ಲಿ, ಯೀಸ್ಟ್ ಫ್ರಿಜ್ಜಿನಲ್ಲಿ. ಬೇಸಿಗೆಯಲ್ಲಿ ಯೀಸ್ಟ್ ಕೊರಿಯರಿನಲ್ಲಿ ತರಿಸುವುದಾದರೆ ಶನಿವಾರ ಭಾನುವಾರ ಗೋಡೌನಿನಲ್ಲಿ ಬಿದ್ದಿರದ ಹಾಗೆ ಸೋಮವಾರ ಆರ್ಡರ್ ಹಾಕಿ.

ಬಾಟಲಿಗೆ ತುಂಬುವ ಮೊದಲು, ಬಿಯರಿನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸಬೇಕು, ಏರ್‌ಲಾಕ್ ಗುಳ್ಳೆ ನಂಬಬೇಡಿ. ಬಾಟಲಿಯಲ್ಲಿ ಗ್ಯಾಸ್ ಹುಟ್ಟಲು ಲೀಟರಿಗೆ 6, 7 ಗ್ರಾಂ ಸಕ್ಕರೆ ಸಾಕು. ಇನ್ನೂ ಹುದುಗುತ್ತಿರುವ ಬಿಯರ್ ತುಂಬಿದರೆ ಗಾಜು ಸಿಡಿಯುತ್ತದೆ, ಮಕ್ಕಳಿರುವ ಮನೆಯಲ್ಲಿ ಇದು ಆಟದ ಮಾತಲ್ಲ.

ಫ್ರಿಜ್ಜಿಗೆ ಜಾಗವೇ ಇಲ್ಲ ಅನ್ನುವವರು ಏನು ಮಾಡಬೇಕು? ಪುಣೆಯ ಏಪ್ರಿಲ್, ಮೇ ಒಣ ಬೇಸಿಗೆ. ಟಬ್ಬಿನಲ್ಲಿ ನೀರು ಹಾಕಿ ಬಕೆಟ್ ಇಟ್ಟು, ಒದ್ದೆ ಬಟ್ಟೆ ಸುತ್ತಿ ಫ್ಯಾನ್ ತಿರುಗಿಸಿದರೆ ನೀರು ಆರುತ್ತಾ ಕೆಲವು ಡಿಗ್ರಿ ಇಳಿಯುತ್ತದೆ, ಐಸ್ ಬಾಟಲಿ ಬದಲಿಸುತ್ತಾ ಹೋದರೆ ಇನ್ನೂ ಚೆನ್ನ. ಮುಂಬೈ, ಗೋವಾದಲ್ಲಿ ಇದು ನಡೆಯುವುದಿಲ್ಲ, ಅಲ್ಲಿನ ಗಾಳಿಯಲ್ಲೇ ನೀರಿನಂಶ ತುಂಬಿರುತ್ತದೆ, ಬಟ್ಟೆ ಆರುವುದೇ ಇಲ್ಲ. ಅಲ್ಲಿರುವ ಗೆಳೆಯರಿಗೆ ನಾನು ಹೇಳುವುದು ವಾಸ್ ಕ್ವೈಕ್ ಯೀಸ್ಟ್. ನಾರ್ವೆಯ ಹಳ್ಳಿಗಳಿಂದ ಬಂದ ಈ ಯೀಸ್ಟಿಗೆ 35 ಡಿಗ್ರಿಯೂ ಆರಾಮ, ಕಿತ್ತಳೆ ಸಿಪ್ಪೆಯ ಪರಿಮಳ ಕೊಡುತ್ತದೆ, ಕೆಲವೇ ದಿನಕ್ಕೆ ಮುಗಿಸುತ್ತದೆ. ಆ ಪರಿಮಳ ಹೊಂದುವ, ತಿಳಿ ಬಣ್ಣದ ಪೇಲ್ ಏಲ್ ಮಾಡಿ, ಕಪ್ಪು ಬಿಯರ್ ಸ್ಟೌಟಿಗೆ ಇದು ಬೇಡ.