ಸಿಬ್ಬಂದಿ ಸುದ್ದಿಪತ್ರಕ್ಕೆ ಆ್ಯಪ್ಸ್ ಸ್ಕ್ರಿಪ್ಟ್ ಸಾಕೇ, ಪೈಥಾನ್ ಬೇಕೇ?

ಸಿಬ್ಬಂದಿಯ ಹೆಸರು, ವಿಳಾಸಗಳು ಈಗಾಗಲೇ ಗೂಗಲ್ ಶೀಟ್‌ನಲ್ಲಿದ್ದರೆ, ಗೂಗಲ್ ಸೇವೆಗಳೊಳಗೇ ಕೋಡ್ ಓಡಿಸುವ ಆ್ಯಪ್ಸ್ ಸ್ಕ್ರಿಪ್ಟ್ ಹೆಚ್ಚು ಸುಲಭ. ಪ್ರತ್ಯೇಕ ಸರ್ವರ್ ಬೇಡ, ಪಾಸ್‌ವರ್ಡನ್ನು ಕೋಡಿನಲ್ಲಿ ಬರೆಯಬೇಕಾಗಿಲ್ಲ. ಅದರಲ್ಲಿ ಮೇಲ್ ಕಳುಹಿಸುವ ಸೇವೆಯಾದ ಮೇಲ್‌ಆ್ಯಪ್‌ಗೆ ಎಚ್‌ಟಿಎಂಎಲ್ (ವೆಬ್ ಪುಟದ ರೂಪದ) ಪಠ್ಯವನ್ನು ಒದಗಿಸಿ, ನಿಗದಿತ ವೇಳೆಗೆ ಟ್ರಿಗರ್ (ಕೋಡನ್ನು ತಾನಾಗಿ ಓಡಿಸುವ ಏರ್ಪಾಡು) ಹಾಕಿದರೆ ಸುದ್ದಿಪತ್ರ ತಾನಾಗಿಯೇ ಹೊರಡುತ್ತದೆ. ಆದರೆ ಮಿತಿ ಬಿಗಿಯಾಗಿದೆ: ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 100 ಜನರಿಗೆ, ಹಣ ಕೊಟ್ಟು ಪಡೆದ ವರ್ಕ್‌ಸ್ಪೇಸ್ ಖಾತೆಯಿಂದ 1,500 ಜನರಿಗೆ ಮಾತ್ರ ಕಳುಹಿಸಬಹುದು.

ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಇಂಥ ಮಿತಿಯಿಲ್ಲ; ನಿಮ್ಮ ಮೇಲ್ ಸರ್ವರ್ ಎಷ್ಟಕ್ಕೆ ಒಪ್ಪುತ್ತದೆಯೋ ಅಷ್ಟು. ಮೇಲ್ ಕಳುಹಿಸಲು ಅಗತ್ಯವಾದ ಎಸ್‌ಎಂಟಿಪಿಲಿಬ್ ಎಂಬ ಕೋಡ್ ಭಾಷೆಯ ಜೊತೆಗೇ ಬರುತ್ತದೆ, ನೌಕರರ ಡೇಟಾಬೇಸಿನಿಂದ ನೇರವಾಗಿ ವಿಳಾಸಗಳನ್ನು ಓದಿ, ವಿಭಾಗಕ್ಕೆ ತಕ್ಕಂತೆ ಪಠ್ಯವನ್ನು ಬದಲಿಸಲೂಬಹುದು. ಆದರೆ ನಿಗದಿತ ವೇಳೆಗೆ ಕೋಡನ್ನು ಓಡಿಸುವ ಕ್ರಾನ್ ಎಂಬ ಸಾಧನ ನಿಂತುಹೋದರೆ ಗಮನಿಸುವುದು, ಪಾಸ್‌ವರ್ಡನ್ನು ಕಾಪಾಡುವುದು, ತಲುಪದ ವಿಳಾಸಗಳ ಲೆಕ್ಕವಿಡುವುದು ಎಲ್ಲವೂ ನಿಮ್ಮದೇ ಹೊಣೆ. ಇದನ್ನು ನೋಡಿಕೊಳ್ಳುವವರು ಒಬ್ಬರಾದರೂ ಇಲ್ಲದ ಕಚೇರಿಗೆ ನಾನು ಪೈಥಾನ್ ಸೂಚಿಸುವುದಿಲ್ಲ.

ಯಾವುದನ್ನು ಆರಿಸಿದರೂ ವಿನ್ಯಾಸದ ತೊಡಕು ತಪ್ಪದು. ವಿಂಡೋಸ್‌ನ ಹಳೆಯ ಔಟ್‌ಲುಕ್ ಪುಟವನ್ನು ವರ್ಡ್‌ನ ಎಂಜಿನ್‌ನಿಂದ ತೋರಿಸುವುದರಿಂದ ಟೇಬಲ್‌ಗಳಲ್ಲಿ ಜೋಡಿಸಿ, ಸ್ಟೈಲನ್ನು ಪ್ರತಿ ಟ್ಯಾಗಿನಲ್ಲೇ ಬರೆಯುವುದು ಕ್ಷೇಮ. ಜಿಮೇಲ್ ಸುಮಾರು 102 ಕೆಬಿ ಮೀರಿದ ಪತ್ರದ ಉಳಿದ ಭಾಗವನ್ನು ಮರೆಮಾಡುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಕಾ’ ಎಂಬ ಒಂದೇ ಅಕ್ಷರ 6 ಬೈಟ್ ಹಿಡಿಯುವುದರಿಂದ, ಕನ್ನಡದ ಸುದ್ದಿಪತ್ರ ಈ ಗಡಿಯನ್ನು ಇಂಗ್ಲಿಷಿನದಕ್ಕಿಂತ ಬೇಗ ಮುಟ್ಟುತ್ತದೆ. ಆದ್ದರಿಂದ ದೀರ್ಘ ಬರಹಗಳನ್ನು ಒಳಜಾಲದಲ್ಲಿಟ್ಟು, ಪತ್ರದಲ್ಲಿ ಸಾರಾಂಶ ಮತ್ತು ಕೊಂಡಿಯನ್ನಷ್ಟೇ ಕೊಡಿ.