ಮುಚ್ಚಳದ ಬ್ಯಾಟರಿಯೋ, ಸೀಲ್ ಬ್ಯಾಟರಿಯೋ: ರಾಯಚೂರು ಬಿಸಿಲಲ್ಲಿ ಕಂಡದ್ದು

ನಮ್ಮ ಮನೆತನದಲ್ಲಿ ಎರಡು ವ್ಯಾಗನ್ಆರ್ ಇವೆ. ನನ್ನದು ದಿನಾ ರಾಯಚೂರಿನಿಂದ ಶಕ್ತಿನಗರಕ್ಕೆ ಹೋಗಿ ಬರುತ್ತದೆ. ಅಣ್ಣನದು ಮಾನ್ವಿ ಕಡೆ ಊರಲ್ಲಿದೆ. ಭತ್ತದ ನಾಟಿ, ಕೊಯ್ಲು ಶುರುವಾದರೆ ವಾರಗಟ್ಟಲೆ ನಿಂತಲ್ಲೇ ಇರುತ್ತದೆ. ಎರಡಕ್ಕೂ ಒಂದೇ ಅಳತೆಯ 35 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ. ನೀರು ಹಾಕುವ ಮುಚ್ಚಳದ್ದು, ನೀರು ಕೇಳದ ಸೀಲ್‌ದು, ಎರಡೂ ಬಗೆಯನ್ನು ಎರಡೂ ಕಾರಿಗೆ ಹಾಕಿ ನೋಡಿದ್ದೇವೆ. ಯಾವ ಬ್ರ್ಯಾಂಡು, ಎಕ್ಸೈಡೋ ಅಮರಾನೋ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಕಾರು ಓಡುವುದೋ ನಿಲ್ಲುವುದೋ ಎಂದು.

ಓಡುವ ಕಾರಿನ ಶತ್ರು ಬಿಸಿ. 25 ಡಿಗ್ರಿಯ ಮೇಲೆ ಪ್ರತಿ 8–10 ಡಿಗ್ರಿ ಏರಿದಂತೆ ಬ್ಯಾಟರಿಯ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಏಪ್ರಿಲ್–ಮೇನಲ್ಲಿ ಹೊರಗೇ 40 ದಾಟುವ ನಮ್ಮೂರಲ್ಲಿ ಬಾನೆಟ್ ಒಳಗಿನ ಕಾವು ಎಷ್ಟಿರಬೇಡ! ಆ ಕಾವಿಗೆ ಒಳಗಿನ ನೀರು ಆರುತ್ತದೆ, ಸೀಸದ ಪ್ಲೇಟು ಸವೆಯುತ್ತದೆ. ಸೀಲ್ ಬ್ಯಾಟರಿ ಪೂರ್ತಿ ಬಿಗಿದದ್ದೇನಲ್ಲ. ಗ್ಯಾಸ್ ಹೋಗಲು ಸಣ್ಣ ರಂಧ್ರ ಇದ್ದೇ ಇರುತ್ತದೆ. ಕ್ಯಾಲ್ಸಿಯಂ ಬೆರೆಸಿದ ಪ್ಲೇಟು ಇರುವುದರಿಂದ ನೀರು ನಿಧಾನಕ್ಕೆ ಹೋಗುತ್ತದೆ, ಆದರೆ ಹೋದದ್ದನ್ನು ತುಂಬಲು ದಾರಿಯಿಲ್ಲ. ಮೇಲಿರುವ, ಚಾರ್ಜ್ ತೋರಿಸುವ ಹಸಿರು ಕಣ್ಣನ್ನು ನಂಬಿ ಕೂಡಬೇಡಿ. ಅದು ತೋರಿಸುವುದು ಬ್ಯಾಟರಿಯೊಳಗಿನ ಆರು ಕೋಣೆ, ಅಂದರೆ ಸೆಲ್‌ಗಳಲ್ಲಿ ಒಂದರ ಸ್ಥಿತಿ ಮಾತ್ರ.

ನನ್ನ ಕಾರಿನಲ್ಲಿ ಹೆಚ್ಚು ಬಾಳಿದ್ದು ಮುಚ್ಚಳದ ಬ್ಯಾಟರಿಯೇ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಆರೂ ಮುಚ್ಚಳ ಬಿಚ್ಚಿ ನೋಡುತ್ತೇನೆ. ಇಂಜಿನ್ ಪಕ್ಕದ ಸೆಲ್‌ನಲ್ಲಿ ಯಾವಾಗಲೂ ಉಳಿದವುಗಳಿಗಿಂತ ನೀರು ಕಡಿಮೆ. ಮೇಲಿನ ಗೆರೆಯವರೆಗೆ ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಾಕು. ನಮ್ಮ ಬೋರ್ ನೀರಿನ ಉಪ್ಪು, ಗಡಸು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಹಾಕಿದರೆ ಪ್ಲೇಟಿಗೆ ವಿಷ ಹಾಕಿದಂತೆ. ಕುಡಿಯುವ ಫಿಲ್ಟರ್ ನೀರೂ ಬೇಡ. ಆ್ಯಸಿಡ್ ಅಂತೂ ಮೇಲಿಂದ ಸುರಿಯಲೇಬಾರದು. ಆರುವುದು ನೀರು, ಆ್ಯಸಿಡ್ ಅಲ್ಲ.

ಅಣ್ಣನ ಕಾರಿನ ಕಥೆಯೇ ಬೇರೆ. ಕಾರು ನಿಂತಿದ್ದರೂ ಗಡಿಯಾರ, ಸೆಂಟ್ರಲ್ ಲಾಕ್, ಕಂಪ್ಯೂಟರು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಬರೀ 30 ಮಿಲಿ ಆಂಪಿಯರ್ ಎಂದುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್, ತಿಂಗಳಿಗೆ 21ರ ಮೇಲೆ. 35ರಲ್ಲಿ ಉಳಿಯುವುದೆಷ್ಟು? ಅದರ ಜೊತೆ ಮುಚ್ಚಳದ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬೇಗ ಇಳಿಯುತ್ತದೆ. ಕಾರು ಹತ್ತಿ ಕೀಲಿ ತಿರುವಿದರೆ ಟಕ್ ಟಕ್ ಅಷ್ಟೇ, "ಸೆಲ್ಫ್ ಹಿಡಿಯವಲ್ದು" ಎಂದು ಫೋನು. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಎಂಬ ಉಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಅಲ್ಲಿ ಗೆದ್ದದ್ದು ಸೀಲ್ ಬ್ಯಾಟರಿ. ಈಗ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಅಣ್ಣ ನೆಗೆಟಿವ್ ಕೇಬಲ್ ಬಿಚ್ಚಿಡುತ್ತಾನೆ. ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ತುಂಬುತ್ತದೆ ಅನ್ನುವವರಿದ್ದಾರೆ. ತುಂಬುವುದಿಲ್ಲ, ಅರ್ಧ ಗಂಟೆಯಾದರೂ ರಸ್ತೆ ಮೇಲೆ ಓಡಬೇಕು.

ಹಳೆಯದನ್ನು ರಿಪೇರಿ ಮಾಡಿ ಅರ್ಧ ಬೆಲೆಗೆ ಕೊಡುವ ಬ್ಯಾಟರಿ ಮೂರನೆಯ ದಾರಿ. ಊರಲ್ಲಿ ಒಂದನ್ನು ಹಾಕಿಸಿ ನೋಡಿದೆವು, ಬೇಸಿಗೆ ದಾಟಲಿಲ್ಲ. ಮನೆಯವರನ್ನು ಕೂರಿಸಿಕೊಂಡು ರಾತ್ರಿ ಓಡುವ ಕಾರಿಗೆ ಅದು ಬೇಡವೇ ಬೇಡ.

ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಅಂಗಡಿಯಲ್ಲಿ ಆರು ತಿಂಗಳು ಕೂತದ್ದಕ್ಕಿಂತ ಎರಡು ತಿಂಗಳ ಒಳಗಿನದು ಯಾವ ಕಂಪನಿಯದಾದರೂ ಮೇಲು. ಮಲ್ಟಿಮೀಟರ್ ಹಿಡಿಸಿ: ಹೊಸದು 12.6 ವೋಲ್ಟ್ ಆಸುಪಾಸು ತೋರಬೇಕು; 12.4ಕ್ಕಿಂತ ಕೆಳಗಿದ್ದರೆ ಬೇರೆ ಕೊಡಿ ಅನ್ನಿ. ಬ್ಯಾಟರಿಯ ಮೇಲಿನ ಅಳತೆಯ ಸಂಕೇತವನ್ನೂ ನೋಡಿ: 38ಬಿ20ಎಲ್ ಬದಲು 38ಬಿ20ಆರ್ ತಂದರೆ ಟರ್ಮಿನಲ್ ಅದಲುಬದಲಾಗಿ ಕೇಬಲ್ ಮುಟ್ಟುವುದೇ ಇಲ್ಲ. ವಾರಂಟಿ ತಿಂಗಳುಗಳಲ್ಲಿ ಎಷ್ಟು ಪುಕ್ಕಟೆ ಬದಲಾವಣೆ, ಎಷ್ಟು ಬರೀ ರಿಯಾಯಿತಿ ಎಂದು ಬಿಡಿಸಿ ಕೇಳಿ, ಕಾರ್ಡಿಗೆ ತಾರೀಖು ಹಾಕಿ ಸೀಲ್ ಹೊಡೆಸಿಕೊಳ್ಳಿ.

ಹಾಕಿಸಿದ ಮೇಲೆ ಇಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬರುತ್ತಿದೆಯೇ ನೋಡಿಸುವುದನ್ನು ಬಿಡಬೇಡಿ. ಅದಕ್ಕಿಂತ ಹೆಚ್ಚಾದರೆ, ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಹೊಸ ಬ್ಯಾಟರಿಯನ್ನೂ ಕುದಿಸಿಬಿಡುತ್ತದೆ, ಕಡಿಮೆಯಾದರೆ ಹಸಿದೇ ಇಡುತ್ತದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದರೆ, ನೆಗೆಟಿವ್ ಮೊದಲು ಬಿಚ್ಚಿ, ಬೆಚ್ಚಗಿನ ನೀರಲ್ಲಿ ಅಡುಗೆ ಸೋಡಾ ಕಲಸಿ ಹಚ್ಚಿ. ಬುಸ್ಸೆಂದು ನೊರೆ ಎದ್ದು ಪುಡಿ ಕರಗುತ್ತದೆ. ಆ ನೀರು ಸೆಲ್ ಒಳಗೆ ಇಳಿಯಬಾರದು. ಒಣಗಿಸಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ನೆಗೆಟಿವ್ ಕೊನೆಗೆ ಕಟ್ಟಬೇಕು.

ಹಳೇ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಕೊಡಿ, ಸೀಸದ ಬೆಲೆ ಬಿಲ್ಲಿನಲ್ಲಿ ಮುರಿಯುತ್ತಾರೆ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯವನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದೇ. ಗುಜರಿಗೆ ಹಾಕಿದರೆ ಆ್ಯಸಿಡ್ ಯಾರದೋ ಹಿತ್ತಲ ಮಣ್ಣಿಗೆ ಹೋಗುತ್ತದೆ.